ಗೂಟದ ಸುತ್ತ ಬೆಳೆದ ಜಾಜಿ

ಜರಗನಹಳ್ಳಿಯ ಹಸುಗಳಿಗೆ ಕಾಯುವವರಿರಲಿಲ್ಲ. ಈ ಕತೆಯನ್ನು ಯಾರೇ ಹೇಳಲಿ, ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಹೊಲಗಳೆಲ್ಲ ಸೈಟುಗಳಾಗಿ, ಗೋಮಾಳದ ಮೇಲೆ ನೀರಿನ ಟ್ಯಾಂಕು ಎದ್ದು ನಿಂತ ಮೇಲೂ ಊರಿನ ಇಪ್ಪತ್ತು ಮನೆಗಳಲ್ಲಿ ಕೊಟ್ಟಿಗೆ ಉಳಿದಿತ್ತು. ಬೆಳಿಗ್ಗೆ ಹಾಲು ಕರೆದು ಹಗ್ಗ ಬಿಚ್ಚಿದರೆ ಹಸುಗಳು ತಾವಾಗಿ ಹೊರಡುತ್ತಿದ್ದವು. ಕೆರೆಯಂಚಿನ ಹುಲ್ಲು, ಕನಕಪುರ ರಸ್ತೆಯಾಚೆಯ ಬಡಾವಣೆಯಲ್ಲಿ ಮನೆಮನೆಯ ಕಲಗಚ್ಚು, ತರಕಾರಿ ಅಂಗಡಿಯ ಹಿಂದೆ ಸುರಿದ ಕೋಸಿನ ಎಲೆ, ಹೀಗೆ ಒಂದು ಸುತ್ತು ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಕೆಚ್ಚಲು ಬಿಗಿದುಕೊಂಡು ತಂತಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಹೋಗುವುದೂ ಅವುಗಳ ಬುದ್ಧಿ, ಬರುವುದೂ ಅವುಗಳ ಬುದ್ಧಿ.

ಆ ಬುದ್ಧಿ ಹುಟ್ಟುತ್ತ ಬಂದದ್ದಲ್ಲ ಎಂಬುದು ಊರಿಗೆ ಗೊತ್ತಿತ್ತು. ಹೆಣ್ಣುಕರುವಿಗೆ ಎರಡು ತಿಂಗಳು ತುಂಬಿದ ಕೂಡಲೇ ಅದರ ಬಾಯಿಗೆ ಕುಕ್ಕೆ ಕಟ್ಟಿ ತಾಯಿಯ ಜೊತೆ ಬೀದಿಗೆ ಬಿಡುವುದು ಅಲ್ಲಿನ ಪದ್ಧತಿ. ಬಿದಿರಿನ ಸೀಳಿನಲ್ಲಿ ಹೆಣೆದ ಆ ಪುಟ್ಟ ಬುಟ್ಟಿ ಮೂತಿಯ ಮೇಲಿದ್ದರೆ ಕರು ದಾರಿಯಲ್ಲಿ ಮೊಲೆಗೆ ಬಾಯಿ ಹಾಕಲಾರದು. ಕುಕ್ಕೆ ಬಿಚ್ಚುವುದು ಸಂಜೆ, ಮನೆಯ ಹೊಸ್ತಿಲಲ್ಲಿ ಮಾತ್ರ. ಹಾಗಾಗಿ ಹಾಲೂ ಉಳಿಯುತ್ತಿತ್ತು, ಹೊತ್ತು ಇಳಿದರೆ ಮನೆ ಎಂಬ ನೆನಪು ಕರುವಿನ ಹೊಟ್ಟೆಯಲ್ಲೇ ಕೂರುತ್ತಿತ್ತು. ಈ ತಿರುಗಾಟಕ್ಕೆ ‘ಊರು ತೋರಿಸುವುದು’ ಎಂದು ಹೆಸರು. ಊರು ನೋಡದೆ ಬೆಳೆದ ದನದ ವಿಷಯದಲ್ಲಿ ಗೌರಮ್ಮನ ಅತ್ತೆ ಒಂದು ಮಾತು ಹೇಳುತ್ತಿದ್ದಳು: ಗೂಟದ ಸುತ್ತ ಬೆಳೆದದ್ದಕ್ಕೆ ಲೋಕವೆಲ್ಲ ದುಂಡಗೆ.

ಅತ್ತೆ ತೀರಿಕೊಂಡ ಮೇಲೆ ಕೊಟ್ಟಿಗೆ ಗೌರಮ್ಮನ ಪಾಲಿಗೆ ಬಂತು. ಗಂಡ ಹನುಮಯ್ಯನಿಗೆ ಬಸ್ ಡಿಪೋದಲ್ಲಿ ಕೆಲಸ. ಮನೆಯ ಯಜಮಾನಿಕೆ ಅವನ ಅಣ್ಣ ದ್ಯಾಮಣ್ಣನದು. ತೊಂಬತ್ತಮೂರರಲ್ಲಿ ಅವರ ತುಂಬಿ ಎಂಬ ಹಸು ಒಂದು ಹೆಣ್ಣುಕರು ಹಾಕಿತು. ಪದ್ಧತಿಯಂತೆ ಗೌರಮ್ಮ ಕುಕ್ಕೆ ಕಟ್ಟಿ ಕಳಿಸಿದಳು. ಮೂರನೆಯ ದಿನ ಅದು ಕನಕಪುರ ರಸ್ತೆಯಲ್ಲಿ ಮರಳಿನ ಲಾರಿಗೆ ಸಿಕ್ಕಿತು. ಸುದ್ದಿ ಕೇಳಿ ಓಡಿದ ಗೌರಮ್ಮನ ಕೈಗೆ ಸಿಕ್ಕಿದ್ದು ಆ ಕುಕ್ಕೆ ಒಂದೇ. ಅದನ್ನು ಅವಳು ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿಟ್ಟಳು.

ಮರುವರ್ಷ ತುಂಬಿಗೆ ಜಾಜಿ ಹುಟ್ಟಿದಾಗ ಗೌರಮ್ಮ ತೊಲೆಯ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ಹುಣಸೆಯ ಗೂಟ ಹೊಡೆದು, ಬಾಗಿಲಿಗೆ ಗೋಣಿ ಇಳಿಬಿಟ್ಟು, ಕರುವನ್ನು ಅಲ್ಲಿ ಕಟ್ಟಿದಳು. ಕಾಲಿಗೆ ಕಲ್ಲು ಒತ್ತಬಾರದೆಂದು ಹುಲ್ಲು ಹಾಸಿದಳು, ಬಾಯಿಗೇ ಮೇವು ತಂದಳು, ನೊಣ ಮುತ್ತದಂತೆ ಬೇವಿನ ಹೊಗೆ ಹಾಕಿದಳು. ಮೂರು ವರ್ಷ ಜಾಜಿ ಆ ನಾಲ್ಕು ಗೋಡೆಯನ್ನೂ ಆ ಒಂದು ಗೂಟವನ್ನೂ ಬಿಟ್ಟು ಬೇರೇನನ್ನೂ ಕಾಣಲಿಲ್ಲ. ದನದ ಡಾಕ್ಟರು ಸಹ ಅಲ್ಲೇ ನೋಡಿ, ಅಲ್ಲೇ ಗಬ್ಬದ ಸೂಜಿ ಹಾಕಿ ಹೋದರು. ಮೈಯೇನೋ ಬೆಣ್ಣೆಯಂತಾಯಿತು. ಇಂಥ ಹಸು ಸುತ್ತಿನಲ್ಲೇ ಇಲ್ಲವೆಂದು ಜನ ಹೊಗಳಿದಾಗ ಗೌರಮ್ಮನಿಗೆ ತಾನು ಮಾಡಿದ್ದೇ ಸರಿ ಅನ್ನಿಸಿತು.

ತೊಂಬತ್ತೇಳರ ಬೇಸಿಗೆಯಲ್ಲಿ ತುಂಬಿ ಹೊಟ್ಟೆಯುಬ್ಬರಿಸಿ ಸತ್ತಿತು. ದಸರೆಗೆ ಮುಂಚೆ ಜಾಜಿ ಚೊಚ್ಚಲು ಕರು ಹಾಕಿತು, ಹೆಣ್ಣು. ಅದಕ್ಕೆ ಗೆಜ್ಜೆ ಎಂದು ಹೆಸರಿಟ್ಟರು. ಹೊಲವಿಲ್ಲದ ಮನೆಯಲ್ಲಿ ಹುಲ್ಲಿನ ಬಣವೆ ಎಲ್ಲಿಂದ ಬರಬೇಕು? ಕರೆಯುವ ಹಸುವನ್ನು ಕಟ್ಟಿಹಾಕಿ ಮೇಯಿಸುವುದು ಆಗದ ಮಾತು. ಗಿಣ್ಣುಹಾಲಿನ ದಿನಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಗೌರಮ್ಮ ಜಾಜಿಯ ಹಗ್ಗ ಬಿಚ್ಚಿ ಬೀದಿಗೆ ಬಿಟ್ಟಳು.

ಜಾಜಿ ಎಂಟು ಹೆಜ್ಜೆ ನಡೆದು ನಿಂತಿತು. ಬೇರೆ ಮನೆಗಳ ಹಸುಗಳು ಪಕ್ಕದಲ್ಲೇ ಹಾದು ಹೋದವು. ಆಮೇಲೆ ಅದು ಎದುರಿನ ಲೈಟುಕಂಬದ ಹತ್ತಿರ ಹೋಗಿ ಅದರ ಸುತ್ತ ನಡೆಯತೊಡಗಿತು. ಹಿಂದಿನ ಕೋಣೆಯ ಹಗ್ಗ ಎಷ್ಟು ಉದ್ದವಿತ್ತೋ ಅಷ್ಟೇ ಅಗಲದ ಸುತ್ತು. ನೋಡಿದವರು ನಕ್ಕರು. ಗೌರಮ್ಮನಿಗೆ ಮಾತ್ರ ಅತ್ತೆಯ ಮಾತು ನೆನಪಾಯಿತು.

ಆ ತಿಂಗಳಲ್ಲಿ ಜಾಜಿ ಮೂರು ಸಲ ತಪ್ಪಿಸಿಕೊಂಡಿತು. ಒಮ್ಮೆ ಕಲ್ಯಾಣಮಂಟಪದ ಕಾಂಪೌಂಡಿನೊಳಗೆ ಸಿಕ್ಕಿತು, ಒಮ್ಮೆ ಕೆರೆಯ ಕೆಸರಿನಲ್ಲಿ. ಮೂರನೆಯ ಸಲ ಎರಡು ದಿನ ಹುಡುಕಿದ ಮೇಲೆ ದನದ ದೊಡ್ಡಿಯಲ್ಲಿ ನಿಂತಿತ್ತು. ಕರು ಮನೆಯಲ್ಲಿದ್ದರೆ ತಾಯಿ ಬಂದೇ ಬರುತ್ತದೆ ಎಂಬುದು ಎಲ್ಲರ ನಂಬಿಕೆ. ಜಾಜಿಗೆ ಬರುವ ಮನಸ್ಸಿರಲಿಲ್ಲವೆಂದಲ್ಲ. ದೊಡ್ಡಿಯಲ್ಲಿ ಅದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತ್ತು. ಅದರ ತಲೆಯಲ್ಲಿ ದಾರಿಯೇ ಇರಲಿಲ್ಲ.

ದ್ಯಾಮಣ್ಣ ಕೆಟ್ಟವನಲ್ಲ, ಆದರೆ ಯಜಮಾನ. ದೊಡ್ಡಿಯಿಂದ ಬಿಡಿಸಿ ತಂದ ಸಂಜೆ ಜಗಲಿಯ ಮೇಲೆ ಕುಳಿತು ತನ್ನ ತೀರ್ಮಾನ ಹೇಳಿದ. ಸಂಕ್ರಾಂತಿಗೆ ಮೊದಲಿನ ಮೂರು ದಿನ ಮನೆಯವರು ಯಾರೂ ಹಸುವಿನ ಹಿಂದೆ ಹೋಗಕೂಡದು. ಮೂರು ಸಂಜೆಯೂ ಅದು ದೀಪ ಹಚ್ಚುವುದರೊಳಗೆ ತಾನಾಗಿ ಬಾಗಿಲಿಗೆ ಬಂದರೆ ಇರಲಿ. ಬಾರದಿದ್ದರೆ ಹಬ್ಬದ ಮರುದಿನ ಹಗ್ಗ ದಲ್ಲಾಳಿ ಗಂಗಯ್ಯನ ಕೈಗೆ. ಗಂಗಯ್ಯ ಕೊಂಡ ದನ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಜರಗನಹಳ್ಳಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

“ಆಗ್ಲಿ ಭಾವ,” ಎಂದಳು ಗೌರಮ್ಮ. “ಅಷ್ಟರೊಳಗೆ ಊರು ತೋರಿಸ್ತೀನಿ.”

“ಮದ್ವೆಯಾಗಿ ಮಗು ಹೆತ್ತವಳನ್ನ ಈಗ ಒಂದ್ನೇ ಕ್ಲಾಸಿಗೆ ಸೇರಿಸ್ತೀಯಾ?” ಎಂದು ದ್ಯಾಮಣ್ಣ ನಕ್ಕ.

ದೀಪಾವಳಿಯ ಮರುದಿನದಿಂದ ಗೌರಮ್ಮ ಹಗ್ಗ ಹಿಡಿದು ಮುಂದೆ, ಜಾಜಿ ಹಿಂದೆ. ಕೆರೆ, ಬಸ್ ಸ್ಟಾಪು, ರಸ್ತೆಯಾಚೆಯ ನಾಲ್ಕು ಕ್ರಾಸು, ಕಲಗಚ್ಚು ಇಡುವ ಒಂಬತ್ತು ಬಾಗಿಲು. ಏಳು ಬಾಗಿಲು ಎಂದು ಹೇಳುವವರೂ ಇದ್ದಾರೆ. ಮಳೆ ಬರಲಿ, ಬಿಸಿಲು ಬರಲಿ, ಇಪ್ಪತ್ತು ದಿನ ಒಂದು ಸುತ್ತನ್ನೂ ಅವಳು ತಪ್ಪಿಸಲಿಲ್ಲ. ಹಿಮ್ಮಡಿ ಒಡೆದು ರಕ್ತ ಬಂದರೆ ಹರಳೆಣ್ಣೆ ಹಚ್ಚಿಕೊಂಡು ಮಲಗಿದಳು. ಹಸುವಿಗೆ ದಾರಿ ಬಂತೋ ಇಲ್ಲವೋ, ನಿನಗಂತೂ ಎಲ್ಲ ಕ್ರಾಸೂ ಬಾಯಿಪಾಠವಾಯ್ತು, ನಾಳೆಯಿಂದ ಪೋಸ್ಟ್ ಹಂಚೋದಕ್ಕೆ ಹೋಗು ಎಂದು ಹನುಮಯ್ಯ ಚುಡಾಯಿಸಿದ.

ಇಪ್ಪತ್ತೊಂದನೆಯ ದಿನ ಅವಳು ಹಗ್ಗ ಬಿಚ್ಚಿ ಒಂದು ಕಂಬದ ಮರೆಗೆ ನಿಂತು ನೋಡಿದಳು. ಜಾಜಿ ಕಿವಿ ನಿಮಿರಿಸಿ ಅವಳ ಸೀರೆಯನ್ನು ಹುಡುಕಿತು. ಅಷ್ಟು ದಿನ ಅದು ನೋಡಿದ್ದು ಬೀದಿಯನ್ನಲ್ಲ, ಸೀರೆಯ ಸೆರಗನ್ನು. ಸೆರಗು ಕಾಣದೆ ಹೋದಾಗ ಅದು ಅಲ್ಲೇ ಸುತ್ತು ಹಾಕತೊಡಗಿತು.

ಆವತ್ತು ಗೌರಮ್ಮ ಎಂಟನೆಯ ಬಾಗಿಲಿನ ಮೆಟ್ಟಿಲ ಮೇಲೆ ಕುಸಿದಳು. ಆ ಮನೆಯಲ್ಲಿ ಬಾಡಿಗೆಗಿದ್ದವಳು ಅನ್ನಪೂರ್ಣ, ಗದಗಿನ ಕಡೆಯವಳು. ಗಂಡನ ಆಫೀಸಿನ ಕೆಲಸದ ಜೊತೆ ಹಿಂದಿನ ವರ್ಷವಷ್ಟೇ ಬಂದಿದ್ದಳು. ಉಳಿದ ಜೋಳದ ರೊಟ್ಟಿಯನ್ನು ನೆನೆಸಿ ಹಸುಗಳಿಗೆ ಇಡುತ್ತಿದ್ದಳು. ಗೌರಮ್ಮ ಹೇಳಿದ್ದನ್ನೆಲ್ಲ ಕೇಳಿ, ನೀರಿನ ಚೊಂಬು ಮುಂದಿಟ್ಟು ಅವಳು ಅಂದಳು:

“ನಾನೂ ಹೊಸದಾಗಿ ಬಂದಾಗ ಹಿಂಗ ಆಗಿತ್ತು ನೋಡ್ರಿ ಅಕ್ಕಾರ. ನಮ್ಮನಿಯವರು ದಿನಾ ಕೈ ಹಿಡಕೊಂಡು ಮಾರ್ಕೆಟ್ಟಿಗೆ ಕರಕೊಂಡು ಹೋಗಾವ್ರು. ತಿಂಗಳಾದ್ರೂ ದಾರಿ ತಿಳೀಲಿಲ್ಲ. ಒಂದಿನ ಒಬ್ಬಾಕಿನ ಹೋದೆ, ದಾರಿ ತಪ್ಪಿಸಿಕೊಂಡೆ, ಅಳಕೋತ ನಿಂತೆ. ಮರುದಿನದಿಂದ ಈ ಕ್ರಾಸುಗಳು ನನ್ನ ತಲಿಯಾಗ ಕುಂತ್ವು.”

ಗೌರಮ್ಮ ಚೊಂಬಿನ ನೀರನ್ನು ಪೂರ್ತಿ ಕುಡಿದು ಎದ್ದಳು. ಮರುದಿನದಿಂದ ಹಗ್ಗ ಮನೆಯಲ್ಲೇ ಉಳಿಯಿತು. ಈಗ ಜಾಜಿ ಮುಂದೆ, ಅವಳು ನೂರು ಹೆಜ್ಜೆ ಹಿಂದೆ. ಕವಲು ಬಂದಲ್ಲಿ ಅವಳು ಮರದ ಮರೆಗೋ ಗೋಡೆಯ ಮರೆಗೋ ಸರಿಯುತ್ತಿದ್ದಳು. ಜಾಜಿ ಒಂದೊಂದು ಕವಲಿನಲ್ಲಿ ಅರ್ಧ ಗಂಟೆ ನಿಂತದ್ದುಂಟು. ಸ್ಕೂಟರಿನವರು ಹಾರನ್ ಹೊಡೆದರು, ಹಸು ಯಾರದ್ದೆಂದು ಬೈದರು. ಹಸುವಿನೊಡತಿ ಗೋಡೆಯ ಹಿಂದೆ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಕರೆದರೆ ಬಂದುಬಿಡುತ್ತದೆ, ಕರೆಯಬಾರದು. ತಪ್ಪು ದಾರಿ ಹಿಡಿದರೆ ಹಿಡಿಯಲಿ. ದಾರಿ ಮುಗಿದಲ್ಲಿ ತಾನೇ ತಿರುಗಬೇಕು. ಒಂಬತ್ತು ಮನೆಯವರಿಗೂ ಅವಳು ಹೇಳಿಬಂದಿದ್ದಳು: ಹಸು ನಿಮ್ಮ ಗೇಟಿಗೆ ಮೂತಿ ತಾಕಿಸುವ ತನಕ ಕಲಗಚ್ಚಿನ ಬಕೆಟ್ಟು ಹೊರಗೆ ಕಾಣಬಾರದು.

ರಸ್ತೆ ದಾಟುವಾಗ ಅವಳು ಮೊದಲ ವಾರ ನಡುರಸ್ತೆಯಲ್ಲಿ ಕೈ ಚಾಚಿ ನಿಂತಳು. ಎರಡನೆಯ ವಾರ ಅಂಚಿನಲ್ಲಿ ನಿಂತಳು. ಮೂರನೆಯ ವಾರ ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಳಿತಳು. ಮೂರರಲ್ಲಿ ಕುಳಿತದ್ದೇ ಕಷ್ಟವಾಯಿತು. ಲಾರಿಯ ಸದ್ದು ಕೇಳಿದಾಗಲೆಲ್ಲ ಬೆಂಚಿನ ಅಂಚನ್ನು ಹಿಡಿದ ಅವಳ ಬೆರಳು ಬೆಳ್ಳಗಾಗುತ್ತಿದ್ದವು.

ಜಾಜಿ ಕಲಿಯಿತು, ಆದರೆ ಮಣಿ ಪೋಣಿಸಿದ ಹಾಗೆ ಕಲಿಯಿತು. ಇಸ್ತ್ರಿ ಗಾಡಿಯ ಹತ್ತಿರ ಬಲಕ್ಕೆ, ಹಳದಿ ಗೇಟಿನ ಹತ್ತಿರ ಎಡಕ್ಕೆ. ಇಸ್ತ್ರಿಯವನು ಒಂದು ದಿನ ಗಾಡಿ ಹಾಕದಿದ್ದಾಗ ಅದು ಆ ಜಾಗದಲ್ಲಿ ಮಧ್ಯಾಹ್ನದ ತನಕ ನಿಂತೇ ಇತ್ತು. ಸತ್ತ ತುಂಬಿಗೆ ಹಾಗಿರಲಿಲ್ಲ. ಗೋಡೆ ಎದ್ದರೆ ಇನ್ನೊಂದು ಸಂದಿ, ಸಂದಿ ಮುಚ್ಚಿದರೆ ಮತ್ತೊಂದು; ಇಡೀ ಊರೇ ಅದರ ತಲೆಯಲ್ಲಿತ್ತು. ಮಗಳ ತಲೆಯಲ್ಲಿ ಇದ್ದದ್ದು ಒಂದು ದಾರ. ಅದು ಎಲ್ಲಿ ತುಂಡಾದರೂ ಮಣಿಯೆಲ್ಲ ಚೆಲ್ಲುತ್ತಿತ್ತು. ಎಷ್ಟು ನಡೆಸಿದರೂ ಇದಕ್ಕಿಂತ ಹೆಚ್ಚು ಬಾರದೆಂದು ಗೌರಮ್ಮನಿಗೆ ಮೆಲ್ಲಗೆ ಅರಿವಾಯಿತು. ಮೊಳೆಯುವ ಕಾಲದಲ್ಲಿ ನೆರಳಲ್ಲಿಟ್ಟ ಗಿಡ ಆಮೇಲೆ ಬಿಸಿಲಿಗಿಟ್ಟರೂ ಒಂದು ಕಡೆ ಬಾಗಿಯೇ ಇರುತ್ತದೆ.

ಡಿಸೆಂಬರಿನ ಕೊನೆಯ ಹೊತ್ತಿಗೆ ಗೆಜ್ಜೆಗೆ ಎರಡು ತಿಂಗಳು ತುಂಬಿ ದಾಟಿತ್ತು. ಗೌರಮ್ಮ ಏಣಿ ಹಾಕಿ ತೊಲೆಯ ಮೇಲಿನ ಕುಕ್ಕೆಯನ್ನು ಇಳಿಸಿದಳು. ನಾಲ್ಕು ವರ್ಷದ ಧೂಳು ಒರೆಸಿ, ಮುರಿದ ಎರಡು ಸೀಳುಗಳನ್ನು ಬದಲಿಸಿ, ಅದನ್ನು ಗೆಜ್ಜೆಯ ಬಾಯಿಗೆ ಕಟ್ಟಿದಳು. ದ್ಯಾಮಣ್ಣ ನೋಡಿ, ಮನೆಯಲ್ಲಿರುವ ಈ ಒಂದು ಸೆಳೆತವನ್ನೂ ಹೊರಗೆ ಕಳಿಸಿದರೆ ಹಸು ಯಾಕೆ ತಿರುಗಿ ಬಂದೀತೆಂದು ಕೇಳಿದ. ಇದಕ್ಕೂ ಲಾರಿ ಕಾದಿದೆಯೋ ಏನೋ ಎಂದೂ ಅಂದ. ಕುಕ್ಕೆಯ ದಾರವನ್ನು ಬಿಗಿಯುತ್ತಿದ್ದ ಅವಳ ಕೈ ಆ ಮಾತಿಗೆ ಒಂದು ಗಳಿಗೆ ನಿಂತಿತು.

“ಭಯಪಟ್ಟು ಒಬ್ಬಳನ್ನ ಕುರುಡಿ ಮಾಡಿದೀನಿ ಭಾವ,” ಎಂದಳು. “ಇನ್ನೊಬ್ಬಳನ್ನ ಮಾಡಲ್ಲ.” ಮತ್ತೆ ದಾರ ಬಿಗಿದಳು.

ಗೆಜ್ಜೆಯ ರೀತಿಯೇ ಬೇರೆ. ತಾಯಿ ನೇರ ನಡೆದರೆ ಅದು ಹತ್ತು ಕಡೆ ಮೂಗು ತೂರಿಸಿತು. ಖಾಲಿ ಸೈಟಿಗೆ ನುಗ್ಗಿ ಇನ್ನೊಂದು ಬೀದಿಯಲ್ಲಿ ಹೊರಬಂತು. ಗಣಪತಿ ಗುಡಿಯ ಹಿಂದೆ ಮಾಯವಾಗಿ ತಾಯಿಗಿಂತ ಮುಂಚೆ ಮುಂದಿನ ಬಾಗಿಲಲ್ಲಿ ಕಾದು ನಿಂತಿತು. ಒಂದು ದಿನ ಅದು ಕಣ್ಮರೆಯಾದಾಗ ಗೌರಮ್ಮನ ಬಾಯಿಯ ತನಕ ಕೂಗು ಬಂದಿತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅದನ್ನು ತಡೆದಳು.

ಪಣದ ಮೂರು ದಿನ ಬಂದವು. ಮೊದಲ ಸಂಜೆ ಜಾಜಿಯೂ ಗೆಜ್ಜೆಯೂ ಹೊತ್ತಿಗೆ ಮುಂಚೆಯೇ ಬಂದವು. ಎರಡನೆಯ ಸಂಜೆ ಸ್ವಲ್ಪ ತಡವಾಯಿತು, ಆದರೂ ಬಂದವು. ದ್ಯಾಮಣ್ಣ ಎದ್ದು ಒಳಗೆ ಹೋದ.

ಮೂರನೆಯ ಸಂಜೆ ಗೌರಮ್ಮ ಹೊಸ್ತಿಲ ಮೇಲೆ ಕುಳಿತಳು, ದ್ಯಾಮಣ್ಣ ಜಗಲಿಯ ಮೇಲೆ. ಹೊತ್ತು ಇಳಿಯಿತು. ನೆರೆಯ ಶಂಭುಲಿಂಗಪ್ಪನ ಮೂರು ಹಸುಗಳು ಹಾದು ಹೋದವು. ಡಿಪೋದಿಂದ ಬಂದ ಹನುಮಯ್ಯ ಸೈಕಲ್ಲು ಒರಗಿಸುತ್ತ ಒಂದು ಸುದ್ದಿ ತಂದ: ಆಚೆಯ ಬಡಾವಣೆಯಲ್ಲಿ ಇಸ್ತ್ರಿ ಗಾಡಿಯ ಹತ್ತಿರದ ಕ್ರಾಸನ್ನು ನೀರಿನ ಪೈಪಿಗೆಂದು ಮಧ್ಯಾಹ್ನ ಅಗೆದುಹಾಕಿದ್ದಾರೆ, ಆಳೆತ್ತರದ ಗುಂಡಿ, ಎರಡು ಪಕ್ಕ ಮಣ್ಣಿನ ಗುಡ್ಡೆ.

ಜಾಜಿಯ ತಲೆಯ ದಾರ ಸರಿಯಾಗಿ ನಡುವೆಯೇ ತುಂಡಾಗಿತ್ತು. ಗುಂಡಿಯ ಅಂಚಿನಲ್ಲಿ ಜಾಜಿ ಸುತ್ತು ಹಾಕುತ್ತಿರುವುದು ಗೌರಮ್ಮನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಹೋಗಿ ನೋಡಲೇ ಎಂದು ಹನುಮಯ್ಯ ಕಣ್ಣಲ್ಲೇ ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಮಾತು ಕೊಟ್ಟಾಗಿದೆ. ಎರಡು ಅಂಗೈಯನ್ನೂ ಹೊಸ್ತಿಲಿಗೆ ಒತ್ತಿ, ಹಸು ಬರಬೇಕಾದ ದಿಕ್ಕನ್ನೇ ನೋಡುತ್ತ ಅಲುಗದೆ ಕುಳಿತಳು.

ಎದುರು ಮನೆಯಲ್ಲಿ ಆಗಲೇ ಬತ್ತಿ ಹೊಸೆಯುತ್ತಿದ್ದರು. ದ್ಯಾಮಣ್ಣ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟ. ಅಷ್ಟರಲ್ಲಿ ಕೊರಳ ಗಂಟೆಯ ಸದ್ದು ಕೇಳಿತು. ಕೇಳಿದ್ದು ಬೀದಿಯ ಕಡೆಯಿಂದಲ್ಲ, ಹಿಂದುಗಡೆಯಿಂದ, ಜಾಜಿಯ ದಿನದ ಸುತ್ತಿಗೆ ಸೇರದ ಕೆರೆ ಏರಿಯ ಕಡೆಯಿಂದ. ಮೊದಲು ಗೆಜ್ಜೆ ಕಾಣಿಸಿತು. ಅದರ ಹಿಂದೆ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡ ಜಾಜಿ. ಎರಡರ ಹಿಂದೆ, ಸೀರೆಯ ನಿರಿಗೆಯನ್ನು ಎತ್ತಿ ಹಿಡಿದು ಏದುಸಿರು ಬಿಡುತ್ತ, ಅನ್ನಪೂರ್ಣ.

ನಡೆದದ್ದನ್ನು ಹೇಳಿದವಳು ಅವಳೇ. ಜಾಜಿ ಗುಂಡಿಯ ಮುಂದೆ ನಿಂತಿತು, ಆಮೇಲೆ ಸುತ್ತತೊಡಗಿತು. ಕರು ಒಂದು ಸಂದಿಗೆ ಹೋಗಿ ಗೋಡೆ ಕಂಡು ತಿರುಗಿ ಬಂತು. ಗುಡಿಯ ಹಿಂದಿನಿಂದ ಖಾಲಿ ಸೈಟಿನ ದಾರಿ ಹಿಡಿದು, ತಾಯಿ ಬರದಿದ್ದುದನ್ನು ನೋಡಿ ಮತ್ತೆ ಬಂತು. ಕುಕ್ಕೆಯ ಮೂತಿಯಿಂದ ತಾಯಿಯ ಹೊಟ್ಟೆಗೆ ಗುದ್ದಿತು. ಹೀಗೆ ಮೂರು ಸಲವಾದ ಮೇಲೆ ಜಾಜಿ ಸುತ್ತುವುದನ್ನು ಬಿಟ್ಟು ಕರುವಿನ ಹಿಂದೆ ಹೆಜ್ಜೆ ಹಾಕಿತು. ಕೆಳಗಿನ ಬಸ್ ಸ್ಟಾಪಿನಲ್ಲಿ ಜನ ರಸ್ತೆ ದಾಟುವ ತನಕ ನಿಂತು, ಅವರ ನಡುವೆಯೇ ಎರಡೂ ದಾಟಿದವು. ಮನಸ್ಸು ತಡೆಯದೆ ತಾನು ಹಿಂದೆ ಬಂದೆ, ಆದರೆ ಹ್ಞೂಂ ಎಂದೂ ಅನ್ನಲಿಲ್ಲ ಎಂದು ಅವಳು ದ್ಯಾಮಣ್ಣನ ಕಡೆ ತಿರುಗಿ ಹೇಳಿದಳು.

ದ್ಯಾಮಣ್ಣ ಜಾಜಿಯ ಕಡೆ ಬೆರಳು ತೋರಿಸಿ, “ಇವಳು ಬರ್ಲಿಲ್ಲ ಗೌರಮ್ಮ. ಕರು ಕರ್ಕೊಂಡು ಬಂತು,” ಎಂದ.

ಬೇರೆ ಯಾರಾದರೂ ಆಗಿದ್ದರೆ ವಾದಕ್ಕಿಳಿಯುತ್ತಿದ್ದರು. ಗೌರಮ್ಮ ಎದ್ದು ನಿಂತು ಹೇಳಿದಳು:

“ನಿಜ ಭಾವ. ಜಾಜಿಗೆ ಬರೋದು ಒಂದೇ ದಾರಿ. ಇನ್ನೆಷ್ಟು ವರ್ಷ ನಡೆಸಿದ್ರೂ ಎರಡ್ನೇದು ಬರಲ್ಲ. ಅದು ಅವಳ ತಪ್ಪಲ್ಲ, ಗೂಟ ಹೊಡೆದವಳ ತಪ್ಪು. ಆದ್ರೆ ಇವತ್ತು ಮಗಳ ಹಿಂದೆ ಬಂದವಳು ನಾಳೇನೂ ಬರ್ತಾಳೆ. ಕಳಿಸೋದಾದ್ರೆ ಇಬ್ಬರ ಹಗ್ಗಾನೂ ಒಟ್ಟಿಗೆ ಗಂಗಯ್ಯನ ಕೈಗೆ ಕೊಡಿ. ಇಂಥ ಕರು ನಿಮಗೆ ಇನ್ನೆಲ್ಲಿ ಸಿಗುತ್ತೋ ನೋಡ್ಕೊಳ್ಳಿ.”

ಗೆಜ್ಜೆ ಹೊಸ್ತಿಲಿಗೆ ಮೂತಿ ಉಜ್ಜುತ್ತ ಕಾಲು ಕೆರೆಯಿತು. ಕುಕ್ಕೆ ಬಿಚ್ಚುವ ಹೊತ್ತು ಮೀರಿತ್ತು, ಅದಕ್ಕೆ ಮನುಷ್ಯರ ಪಂಚಾಯ್ತಿ ಬೇಕಿರಲಿಲ್ಲ. ದ್ಯಾಮಣ್ಣ ಜಗಲಿಯಿಂದ ಇಳಿದ. ಮಂಡಿಯೂರಿ ಕುಳಿತು, ಕೆಸರಿನಲ್ಲಿ ಬಿಗಿದುಹೋಗಿದ್ದ ಗಂಟನ್ನು ಉಗುರಿನಿಂದ ಕೆದಕಿ ಕೆದಕಿ ಬಿಚ್ಚಿದ. ಕರು ಅವನನ್ನು ಪಕ್ಕಕ್ಕೆ ನೂಕಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಅವನು ಕುಕ್ಕೆಯನ್ನು ಜಗಲಿಯ ಅಂಚಿಗೆ ಬಡಿದು ಕೆಸರು ಉದುರಿಸಿ ಗೌರಮ್ಮನ ಕೈಗೆ ಕೊಟ್ಟ.

“ಬೆಳಿಗ್ಗೆ ಕಟ್ಟಬೇಕಲ್ಲ, ತೊಳೆದಿಡು,” ಎಂದಷ್ಟೇ ಹೇಳಿದ.

ಸಂಕ್ರಾಂತಿಯ ಬೆಳಿಗ್ಗೆ ಹಸು ಕರುಗಳ ಮೈ ತೊಳೆದು, ಜಾಜಿಯ ಕೊಂಬಿಗೆ ಬಣ್ಣ ಬಳಿದು, ಎರಡನ್ನೂ ಒಟ್ಟಿಗೆ ಬೀದಿಗೆ ಬಿಟ್ಟ ಮೇಲೆ ಗೌರಮ್ಮ ಹಾರೆ ಹಿಡಿದು ಹಿಂದಿನ ಕೋಣೆಗೆ ಹೋದಳು. ಹುಣಸೆಯ ಗೂಟ ಆಳಕ್ಕೆ ಇಳಿದಿತ್ತು. ಅದರ ಸುತ್ತಲಿನ ನೆಲ, ಮೂರು ವರ್ಷ ಒಂದೇ ಜಾಗದಲ್ಲಿ ಬಿದ್ದ ಗೊರಸಿನಿಂದ, ಕಣದ ಹಾಗೆ ದುಂಡಗೆ ತಗ್ಗಾಗಿತ್ತು. ಹನುಮಯ್ಯ ತಾನು ಕೀಳುತ್ತೇನೆಂದು ಬಂದರೆ ಅವಳು ಬಿಡಲಿಲ್ಲ. ಮಧ್ಯಾಹ್ನದ ತನಕ ಅಗೆದು, ಅಲುಗಿಸಿ, ಕೊನೆಗೆ ಎರಡು ಕೈಯಿಂದ ತಬ್ಬಿ ಎಳೆದು ಅದನ್ನು ಕಿತ್ತಳು. ತಗ್ಗಿಗೆ ಮಣ್ಣು ತುಂಬಿ, ಸಗಣಿ ಸಾರಿಸಿ, ಗೂಟವನ್ನು ಒಲೆಯ ಪಕ್ಕ ಒರಗಿಸಿದಳು. ಆ ಸಂಜೆಯ ಎಳ್ಳು ಬೆಲ್ಲದ ಹೊತ್ತಿಗೆ ಹಾಲು ಕಾದದ್ದು ಅದರ ಉರಿಯಲ್ಲೇ.